ಮುಖ ಬರೆಯುವವನ ಮುಖವಾಡದ ಮೋಹ

ಮನುಷ್ಯನಿಗೆ ಒಂದು ಹುಚ್ಚಿದ್ದರೆ ಜನ ಅದನ್ನು ಹವ್ಯಾಸವೆಂದು ಗೌರವಿಸುತ್ತಾರೆ, ಎರಡಿದ್ದರೆ ಕನಿಕರಪಡುತ್ತಾರೆ. ನನಗೆ ಎರಡಿವೆ. ಮೊದಲನೆಯದು ಭಾವಚಿತ್ರ ಬರೆಯುವುದು. ಚಿತ್ರಕಲೆಯ ಮಾಸ್ತರನಾಗಿ ಅನ್ನ ತಿಂದವನಾದ್ದರಿಂದ ಮನೆಯವರು ಇದನ್ನು ಹೇಗೋ ಕ್ಷಮಿಸಿದ್ದಾರೆ. ಎರಡನೆಯದು, ಮೈಗಂಟಿದ ಉಡುಪು ತೊಟ್ಟು ಮುಖ ಮುಚ್ಚಿಕೊಂಡು ಲೋಕರಕ್ಷಣೆಗೆ ಹೊರಡುವ ಕಾಮಿಕ್ಸ್ ವೀರರ ಸಿನಿಮಾಗಳನ್ನು ಬಿಡದೆ ನೋಡುವುದು. ಅರವತ್ತು ದಾಟಿದ ನಾನು ಮೊಮ್ಮಗನ ಪಕ್ಕದಲ್ಲಿ ಕುಳಿತು ಅವನಿಗಿಂತ ಮೊದಲೇ ಬಾಯಿ ತೆರೆಯುವುದನ್ನು ಕಂಡು, ನನ್ನ ಮಡದಿ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಳ್ಳುತ್ತಾಳೆ.

"ಅಲ್ರೀ, ಮಾರಿ ಬರಿಯೂದು ನಿಮ್ಮ ಕಸಬು. ಈ ಮಂದಿಗೆ ಮಾರೀನಽ ಇಲ್ಲ. ಅದರಾಗ ಏನ ನೋಡ್ತೀರಿ?" ಎಂದು ಒಮ್ಮೆ ಕೇಳಿಯೂ ಬಿಟ್ಟಳು.

ಪ್ರಶ್ನೆ ಸಣ್ಣದಲ್ಲ. ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮೂರು ಬೀಳಗಿ ತಾಲ್ಲೂಕಿನ ಅನಗವಾಡಿ, ಘಟಪ್ರಭೆಯ ದಂಡೆ. ಹೆದ್ದಾರಿಯಲ್ಲಿ ಹೋಗುವವರು ಸೇತುವೆಯನ್ನು ನೆನಪಿಡುತ್ತಾರೆ, ಊರನ್ನು ಮರೆಯುತ್ತಾರೆ. ನನ್ನ ಬಾಲ್ಯದಲ್ಲಿ ಹೊರಲೋಕವು ಬಸ್ಸಿನಲ್ಲಿ ಬರುತ್ತಿತ್ತು; ಅದರೊಡನೆ 'ಸುಧಾ' ವಾರಪತ್ರಿಕೆಯೂ. ಹಿರಿಯರು ಧಾರಾವಾಹಿಯ ಕಂತಿಗೆ ಕಾದರೆ ನಾನು ಫ್ಯಾಂಟಮ್‌ನ ಪುಟಕ್ಕೆ ಕಾಯುತ್ತಿದ್ದೆ. ಅಮೆರಿಕದ ಲೀ ಫಾಕ್ ಎಂಬಾತ 1936ರಲ್ಲಿ ಸೃಷ್ಟಿಸಿದ ಈ ಕಾಡಿನ ವೀರ, 1938ರಲ್ಲಿ ಹುಟ್ಟಿದ ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಹಿರಿಯ. ಅವನ ಮುಖವಾಡದ ಹಿಂದೆ ಕಣ್ಣಪಾಪೆಗಳಿಲ್ಲ, ಬರಿಯ ಬಿಳುಪು. ಹಳೆಯ ಗ್ರೀಕ್ ಶಿಲ್ಪಗಳಿಗೆ ಪಾಪೆಗಳಿಲ್ಲದಿರುವುದೇ ಅವಕ್ಕೊಂದು ಅಮಾನುಷ ಗಾಂಭೀರ್ಯ ಕೊಡುತ್ತದೆಂದು ಫಾಕ್ ಭಾವಿಸಿದ್ದನಂತೆ. ನಮ್ಮಲ್ಲಿ ಪದ್ಧತಿ ತಿರುವುಮುರುವು. ಶಿಲ್ಪಿ ವಿಗ್ರಹದ ಕಣ್ಣನ್ನು ಕಡೆಗೆ ತೆರೆಯುತ್ತಾನೆ. ಆ ನೇತ್ರೋನ್ಮೀಲನವಾಗುವವರೆಗೆ ಅದು ಕಲ್ಲು. ಒಂದು ದಿನ ಕುತೂಹಲ ತಡೆಯಲಾರದೆ ಪತ್ರಿಕೆಯ ಮೇಲೆಯೇ ಪೆನ್ಸಿಲಿನಿಂದ ಫ್ಯಾಂಟಮ್‌ಗೆ ಪಾಪೆ ಇಟ್ಟೆ. ಕೂಡಲೆ ಆತ ಬಸ್ಸಿನ ಕಂಡಕ್ಟರನಂತೆ ಕಂಡ. ಚಿತ್ರಕಲೆಯಲ್ಲಿ ನನಗಾದ ಮೊದಲ ಪಾಠ ಅದು.

ಮುಖ ಕಾಣದ ವೀರರು ನಮ್ಮ ಸೀಮೆಗೆ ಹೊಸಬರೂ ಅಲ್ಲ. 1857ರಲ್ಲಿ ಆಯುಧಗಳನ್ನು ಒಪ್ಪಿಸಿರೆಂಬ ಕಂಪನಿ ಸರಕಾರದ ಆಜ್ಞೆಯನ್ನು ಧಿಕ್ಕರಿಸಿ ಗಲ್ಲಿಗೇರಿದ ಹಲಗಲಿಯ ಬೇಡರನ್ನು ಲಾವಣಿಗಳು ಇಂದಿಗೂ ಹಾಡುತ್ತವೆ. ಆದರೆ ಅವರನ್ನು ಕಣ್ಣಾರೆ ಕಂಡು ಬರೆದ ಒಂದೇ ಒಂದು ಚಿತ್ರವನ್ನೂ ನಾನು ನೋಡಿಲ್ಲ. ಹಾಡು ಉಳಿಯಿತು, ಮೂಗು ಗದ್ದ ಉಳಿಯಲಿಲ್ಲ.

ಸಿನಿಮಾದ ಮಾತಿಗೆ ಬರೋಣ. 1978ರ 'ಸೂಪರ್‌ಮ್ಯಾನ್' ಚಿತ್ರವನ್ನು ನಾನು ಬಹಳ ತಡವಾಗಿ ನೋಡಿದೆ. ಈತನಿಗೆ ಮುಖವಾಡವೇ ಇಲ್ಲ. ಕನ್ನಡಕ ಹಾಕಿದರೆ ವರದಿಗಾರ ಕ್ಲಾರ್ಕ್ ಕೆಂಟ್, ತೆಗೆದರೆ ಸೂಪರ್‌ಮ್ಯಾನ್. ಇದನ್ನಾರು ನಂಬುತ್ತಾರೆಂದು ನಗುವವರು ನಟ ಕ್ರಿಸ್ಟೋಫರ್ ರೀವ್‌ನನ್ನು ಒಂದು ದೃಶ್ಯದಲ್ಲಿ ನೋಡಬೇಕು. ಪ್ರೇಯಸಿಯ ಮನೆಯಲ್ಲಿ, ಆಕೆ ಒಳಗಿರುವಾಗ, ಗುಟ್ಟನ್ನು ಹೇಳಿಬಿಡೋಣವೆಂದು ಕನ್ನಡಕ ತೆಗೆಯುತ್ತಾನೆ. ಬಾಗಿದ ಬೆನ್ನು ನೆಟ್ಟಗಾಗುತ್ತದೆ, ಹೆಗಲು ಹಿಗ್ಗುತ್ತದೆ, ದನಿ ಗಟ್ಟಿಯಾಗುತ್ತದೆ. ಮರುಕ್ಷಣ ಧೈರ್ಯ ಸಾಲದೆ ಕನ್ನಡಕ ಏರಿಸಿ ಕುಗ್ಗಿ ನಿಲ್ಲುತ್ತಾನೆ. ಮೂಗು, ತುಟಿ, ಗದ್ದ ಯಾವುದೂ ಬದಲಾಗಿಲ್ಲ, ಮನುಷ್ಯನೇ ಬದಲಾಗಿದ್ದಾನೆ. ತಲೆಯ ಎತ್ತರದ ನಡುಮಧ್ಯಕ್ಕೆ ಕಣ್ಣಿನ ಸಾಲು, ಎರಡು ಕಣ್ಣುಗಳ ನಡುವೆ ಮತ್ತೊಂದು ಕಣ್ಣಿನಷ್ಟು ಅಂತರ ಎಂದು ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದವನು ನಾನು. ಆ ಅಳತೆ ಸುಳ್ಳಲ್ಲ. ಆದರೆ ದೂರದಿಂದ ಬರುತ್ತಿರುವವನನ್ನು, ಮುಖ ಕಾಣುವ ಮೊದಲೇ, ಇಂಥವನೆಂದು ನಾವು ಗುರುತಿಸುತ್ತೇವಲ್ಲ, ಅದು ಯಾವ ಅಳತೆಯಿಂದ?

2004ರಲ್ಲಿ ಬಂದ ಎರಡನೆಯ 'ಸ್ಪೈಡರ್‌ಮ್ಯಾನ್' ಇದಕ್ಕೆ ಎದುರು ಮಾತು ಹೇಳುತ್ತದೆ. ಹಳಿ ಮುಗಿಯುವತ್ತ ಓಡುತ್ತಿದ್ದ ರೈಲನ್ನು ತನ್ನ ಬಲೆಯ ಎಳೆಗಳಿಂದ ತಡೆದು ಮೂರ್ಛೆ ಹೋದವನನ್ನು ಪ್ರಯಾಣಿಕರು ಕೈಯಿಂದ ಕೈಗೆ ಸಾಗಿಸಿ ಮಲಗಿಸುತ್ತಾರೆ. ಮುಖವಾಡ ಆಗಲೇ ಕಳಚಿದೆ. ತನ್ನ ಮಗನಷ್ಟೇ ವಯಸ್ಸಿನ ಹುಡುಗನೆಂದು ಒಬ್ಬಾತ ಬೆರಗಾಗುತ್ತಾನೆ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು ಪುಟ್ಟ ಹುಡುಗರು ಮುಖವಾಡವನ್ನು ಹಿಂದಿರುಗಿಸುತ್ತಾರೆ. ಇಂತಹ ಒಂದು ಗಳಿಗೆಗಾಗಿ ನಾನು ಎಷ್ಟೋ ನಗರಗಳ ವಿಧ್ವಂಸವನ್ನು ಸಹಿಸಿದ್ದೇನೆ. ಈಚಿನ ಚಿತ್ರಗಳಲ್ಲಿ ಕಟ್ಟಡಗಳು ಬೀಳುವುದೇ ಹೆಚ್ಚು. ಆ ಹೊತ್ತಿನಲ್ಲಿ ನಾನು ಎದ್ದು ಹೋಗಿ ಚಹಾ ಕುಡಿದು ಬರುವುದುಂಟು. 2023ರಲ್ಲಿ ಜೇಡಮಾನವರ ಗುಂಪೇ ಬಂದ ಅನಿಮೇಷನ್ ಚಿತ್ರ ಮಾತ್ರ ನನ್ನನ್ನು ಏಳಗೊಡಲಿಲ್ಲ. ಅದು ಕನ್ನಡದಲ್ಲಿಯೂ ಬಂತು. ಒಬ್ಬಳ ಲೋಕವೆಲ್ಲ ಅವಳ ಮನಸ್ಸಿನಂತೆ ಒಸರುವ ಜಲವರ್ಣ. ಭಾರತೀಯ ಜೇಡಮಾನವನ ಪಟ್ಟಣಕ್ಕೆ ನಮ್ಮ ಹಳೆಯ ಇಂದ್ರಜಾಲ ಕಾಮಿಕ್ಸ್ ಸ್ಫೂರ್ತಿಯಂತೆ. ಫ್ಯಾಂಟಮ್ ಕಥೆಗಳೊಂದಿಗೆ 1964ರಲ್ಲಿ ಆರಂಭವಾದ ಮಾಲೆ ಅದು!

ಮಡದಿಗೆ ಇದನ್ನೆಲ್ಲ ವಿವರಿಸಿದೆ. ಆಕೆಗೆ ಹಿಡಿಸಲಿಲ್ಲ. ಉತ್ತರ ಬೇರೆ ಕಡೆಯಿಂದ ಬಂತು.

ನಮ್ಮ ಕಡೆ ಭಾವಚಿತ್ರವೆಂದರೆ ಸಾಮಾನ್ಯವಾಗಿ ತೀರಿಹೋದವರದು. ಗುರುತಿನ ಚೀಟಿಯ ಮೇಲಿನ ಹೆಬ್ಬೆಟ್ಟಿನಷ್ಟು ಫೋಟೊ ತಂದು ದೊಡ್ಡದು ಮಾಡಿಕೊಡಿರೆನ್ನುತ್ತಾರೆ. ಆಲಮಟ್ಟಿಯ ಹಿನ್ನೀರಿಗೆ ಹಳ್ಳಿಗಳು ಮುಳುಗಿ ಜನ ಗಂಟುಮೂಟೆ ಕಟ್ಟಿಕೊಂಡು ಬಂದಾಗ ಅಷ್ಟನ್ನೂ ಕಳೆದುಕೊಂಡವರಿದ್ದಾರೆ. ಹಾಗೆ ಬಂದು ನೆಲೆಸಿದ ಮುದುಕಿಯೊಬ್ಬಳು ಕೆಲವು ವರ್ಷಗಳ ಹಿಂದೆ ಮಗನೊಡನೆ ನಮ್ಮ ಮನೆಗೆ ಬಂದಳು.

"ಮಾಸ್ತರ, ನಮ್ಮ ಯಜಮಾನರದೊಂದು ಫೋಟೋ ತಗದಕೊಡ್ರಿ."

"ಫೋಟೋ ಎಲ್ಲೈತಿ ಆಯಿ?"

"ಫೋಟೋ ಇದ್ದಿದ್ರ ನಿಮ್ಮ ಕಡೆ ಯಾಕ ಬರತಿದ್ದೆ?"

ಮಗನನ್ನು ಎದುರಿಗೆ ಕೂಡಿಸಿಕೊಂಡು ಆರಂಭಿಸಿದೆ. ಮೂಗು ಮಗನದೇ ಅಂದಳು. ಗಲ್ಲ ಅಲ್ಲ, ಒಳಗೆ ಹೋಗಿರಬೇಕು. ಮೀಸೆ ದಪ್ಪವಾಯಿತು. ಅಳಿಸಿದೆ, ಬರೆದೆ. ಮೂರು ಸಂಜೆ ಹೀಗೆ ಕಳೆದವು. ಕಾಗದದ ಮೇಲೊಬ್ಬ ಗೌರವಸ್ಥ ರೈತ ಮೂಡಿದನೇ ಹೊರತು ಆಕೆಯ ಗಂಡ ಬರಲಿಲ್ಲ. ಕಡೆಗೆ ಆ ಕನ್ನಡಕದ ದೃಶ್ಯ ನೆನಪಾಗಿ, "ಅವರು ಹೆಂಗ ನಿಲ್ಲತಿದ್ರು ಆಯಿ?" ಎಂದು ಕೇಳಿದೆ.

ಮುದುಕಿ ಎದ್ದಳು. ಮೂಲೆಯಲ್ಲಿದ್ದ ನನ್ನ ಕೋಲನ್ನು ತೆಗೆದುಕೊಂಡು ಹಿಂಗತ್ತಿಗೆ ಅಡ್ಡ ಇಟ್ಟು, ಎರಡು ಕೈಗಳನ್ನೂ ಅದರ ಮೇಲೆ ಇಳಿಬಿಟ್ಟು, ಒಂದು ಕಾಲಿನ ಮೇಲೆ ಭಾರ ಹಾಕಿ, ಕಿಟಕಿಯಾಚೆ ಮಳೆ ಹುಡುಕುವವಳಂತೆ ಕತ್ತೆತ್ತಿ ನಿಂತಳು. ನನ್ನ ಮಡದಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಮಗ ನಗಲಿಲ್ಲ.

"ಅಪ್ಪ ಹಿಂಗಽ ನಿಲ್ಲತಿದ್ದ," ಎಂದ. ಮಡದಿಯ ನಗೆ ನಿಂತಿತು.

ಹೊಸ ಕಾಗದ ತೆಗೆದೆ. ಎದೆಮಟ್ಟದ ಚಿತ್ರವನ್ನು ಬಿಟ್ಟು ಇಡೀ ಆಳನ್ನೇ ಬರೆದೆ: ಕೋಲು, ಹೆಗಲ ಕಂಬಳಿ, ಹಣೆಯ ಮೇಲೆ ಜಾರಿದ ರುಮಾಲು. ಕಣ್ಣುಗಳು ಕಡೆಗೆ ಉಳಿದವು. ರುಮಾಲಿನ ನೆರಳನ್ನಷ್ಟು ಬಿಟ್ಟು ಕೈ ತಡೆದು ಆಕೆಯತ್ತ ನೋಡಿದೆ.

"ಅಷ್ಟ ಸಾಕ್ರಿ," ಎಂದಳು. "ಬಿಸಿಲಾಗ ಅವರ ಕಣ್ಣ ಯಾರಿಗಿ ಕಾಣತಿದ್ವು?"

ಕೆಳಗೆ ಹೆಸರು ಬರೆಯಬೇಕು, ಏನೆಂದು ಕೇಳಿದೆ. ಆಕೆ ಗಂಡನ ಹೆಸರು ಹೇಳುವ ಪೈಕಿಯವಳಲ್ಲ. ನಾಚಿ ಗೋಡೆಯತ್ತ ಮುಖ ತಿರುಗಿಸಿ, ಮಗನಿಗೆ ಹೇಳೆಂದು ಕೈಸನ್ನೆ ಮಾಡಿದಳು.