ನಡೆಯುವ ಕಲೆ, ನಿಂತು ನೋಡುವ ಜನ

ಪಶ್ಚಿಮದ ಅನೇಕ ಊರುಗಳಲ್ಲಿ ತಿಂಗಳಿಗೊಂದು ಸಂಜೆಯನ್ನು ಕಲೆಗೆಂದು ಮೀಸಲಿಡುವ ರೂಢಿಯಿದೆ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 1980ರ ದಶಕದಲ್ಲಿ ಬೇರೂರಿದ ‘ಮೊದಲ ಗುರುವಾರ’ ಅಂಥದ್ದು. ಅಂದು ಚಿತ್ರಶಾಲೆಗಳು ಹೊತ್ತು ಮುಳುಗಿದ ಮೇಲೂ ಬಾಗಿಲು ತೆರೆದಿರುತ್ತವೆ. ಜನ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುತ್ತಾರೆ. ಬೀದಿಯ ತಿರುವಿನಲ್ಲಿ ವಾದ್ಯ ನುಡಿಯುತ್ತಿರುತ್ತದೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಚಿತ್ರಸಂತೆಯೂ ವರ್ಷಕ್ಕೊಮ್ಮೆ ಕುಮಾರಕೃಪಾ ರಸ್ತೆಯನ್ನು ಇದೇ ಬಗೆಯ ಬಯಲು ಚಿತ್ರಶಾಲೆಯನ್ನಾಗಿ ಮಾಡುತ್ತದೆ. ಈ ಎಲ್ಲ ಏರ್ಪಾಟುಗಳಲ್ಲಿ ಕಲೆ ನಿಂತಿರುತ್ತದೆ, ನೋಡುವವರು ನಡೆಯುತ್ತಾರೆ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದ ಚಿಕ್ಕಬಳ್ಳಾಪುರದ ಸೀಮೆಯಲ್ಲಿಯೂ ಹಾಗೆ ನಿಂತು ಕಾಯುವ ಕಲೆಗೆ ಕೊರತೆಯಿಲ್ಲ. ನಂದಿಯ ಭೋಗನಂದೀಶ್ವರ ದೇವಾಲಯದ ಕಲ್ಯಾಣಮಂಟಪದಲ್ಲಿ ಕರಿಗಲ್ಲಿನ ಕಂಬಗಳ ಮೇಲೆ ಬಳ್ಳಿ, ಹಕ್ಕಿ, ದೇವತೆಗಳು ಒಂದಿಷ್ಟೂ ಜಾಗ ಬಿಡದಂತೆ ಮೂಡಿ ನಿಂತಿವೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಹರಕೆ ಹೊತ್ತ ಕುಟುಂಬಗಳು ತಲೆಮಾರುಗಳಿಂದ ಪ್ರತಿಷ್ಠಾಪಿಸುತ್ತ ಬಂದ ನಾಗರಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಒಬ್ಬ ಅರಸನಾಗಲಿ ಒಬ್ಬ ಶಿಲ್ಪಿಯಾಗಲಿ ಯೋಜಿಸದೆ, ಜನರು ಒಂದೊಂದೇ ಕಲ್ಲನ್ನು ತಂದು ಕಟ್ಟಿದ ಶಿಲ್ಪಶಾಲೆ ಅದು.

ಆದರೆ ಈ ಸೀಮೆಯ ಬೀದಿಗಳಲ್ಲಿ ರೂಢಿ ತಿರುವುಮುರುವಾಗಿದೆ. ಇಲ್ಲಿ ಕಲೆಯೇ ನಡೆಯುತ್ತದೆ. ಜನ ಹೊಸಿಲಲ್ಲಿ, ಜಗಲಿಯಲ್ಲಿ, ಅಂಗಡಿಯ ಮೆಟ್ಟಿಲಲ್ಲಿ ನಿಂತು ಅದನ್ನು ಬರಮಾಡಿಕೊಳ್ಳುತ್ತಾರೆ. ಧನುರ್ಮಾಸದ ಚಳಿಯಲ್ಲಿ ಬೆಳಕು ಹರಿಯುವ ಮೊದಲೇ ತಾಳ, ಹಾರ್ಮೋನಿಯಂಗಳೊಡನೆ ಭಜನೆ ಬೀದಿಗಿಳಿಯುತ್ತದೆ. ಪಂಡರಿ ಭಜನೆಯವರು ಹಾಡಿನೊಡನೆ ಹೆಜ್ಜೆಯನ್ನೂ ಹಾಕುತ್ತಾರೆ. ಅವರು ಬರುವ ಮುನ್ನ ಹೆಂಗಸರು ಬಾಗಿಲ ಮುಂದೆ ಬಿಡಿಸಿದ ರಂಗೋಲಿ, ಆ ನಡಿಗೆಗೆ ನೆಲದ ಮೇಲೆ ಹಾಸಿದ ಚಿತ್ರ. ಮಧ್ಯಾಹ್ನದ ಹೊತ್ತಿಗೆ ಕಾಲಡಿಯಲ್ಲಿ ಅಳಿಸಿಹೋಗುವುದೇ ಅದರ ಧರ್ಮ.

ಈ ನಡೆಯುವ ಕಲೆಗೆ ಈ ಸೀಮೆಯಲ್ಲಿ ಗುರುವೆನಿಸಿದವರು ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು. ಪರಂಪರೆಯ ಪ್ರಕಾರ ಅವರ ಕಾಲ 1726ರಿಂದ 1836. ಬಳೆಯ ಮಲಾರ ಹೊತ್ತು ಊರೂರು ತಿರುಗಿದವರು ಎಂದು ಜನ ಅವರನ್ನು ನೆನೆಯುತ್ತಾರೆ. ಕನ್ನಡ ತೆಲುಗು ಎರಡರಲ್ಲಿಯೂ ಹಾಡಿದ ಅವರ ಕೀರ್ತನೆ, ತತ್ತ್ವಪದಗಳು ಗಡಿಯನ್ನು ಲೆಕ್ಕಿಸದೆ ಹಳ್ಳಿಗಳನ್ನು ಸೇರಿದವು; ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು ನುಡಿ ಎಂದು ಬದುಕುವ ಜನಕ್ಕೆ ಎರಡೂ ತಮ್ಮವೇ ಎಂಬ ಧೈರ್ಯ ಕೊಟ್ಟವು. ಗುರುಪೂರ್ಣಿಮೆಯ ಸಮಯದಲ್ಲಿ ಕೈವಾರದಲ್ಲಿ 72 ಗಂಟೆಗಳ ಅಖಂಡ ಸಂಗೀತ ಸಂಕೀರ್ತನೆ ನಡೆಯುತ್ತದೆ. ಹೆಸರಾಂತ ವಿದ್ವಾಂಸರು ಹಾಡುವ ವೇದಿಕೆಯಲ್ಲಿಯೇ ಹಳ್ಳಿಯ ಭಜನೆಯ ತಂಡಗಳೂ ಹಾಡುತ್ತವೆ. ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರಾದವರು ಈ ನಾಡಿನ ಜನ ಎಂಬ ಕವಿರಾಜಮಾರ್ಗದ ಅಭಿಪ್ರಾಯಕ್ಕೆ ಜೀವಂತ ಸಾಕ್ಷಿ ಬೇಕೆನ್ನುವವರು ಅಲ್ಲಿ ಒಂದು ರಾತ್ರಿ ಕುಳಿತರೆ ಸಾಕು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಚಿತ್ರ ಸುಂದರವಾಗಿಯೇ ಉಳಿಯುತ್ತದೆ, ಪೂರ್ಣವಾಗುವುದಿಲ್ಲ. ಮೆರವಣಿಗೆ ಯಾವುದೇ ಇರಲಿ, ಜಾತ್ರೆಯದಿರಲಿ, ಮದುವೆಯದಿರಲಿ, ಸಾವಿನದಿರಲಿ, ಎಲ್ಲರಿಗಿಂತ ಮುಂದೆ ನಡೆಯುವುದು ತಮಟೆ. ಬಳೆಗೆ ಬಿಗಿದ ತೊಗಲನ್ನು ಬೆಂಕಿಯ ಕಾವಿಗೆ ಹಿಡಿದು, ನಾದ ಏರುವವರೆಗೆ ಹದಗೊಳಿಸಿ, ಒಂದು ಕೈಯಲ್ಲಿ ತೆಳು ಕಡ್ಡಿ, ಇನ್ನೊಂದರಲ್ಲಿ ಗಿಡ್ಡ ಕೋಲು ಹಿಡಿದು ಬಾರಿಸುವ ಆ ವಾದ್ಯದಲ್ಲಿ ಸಂದರ್ಭಕ್ಕೊಂದು ಬಡಿತವಿದೆ. ದೂರದ ಹೊಲದಲ್ಲಿರುವವನು ಕೂಡ ಬಡಿತ ಕೇಳಿಯೇ ಊರಿನಲ್ಲಿ ನಡೆಯುತ್ತಿರುವುದು ಹಬ್ಬವೋ ಸಾವೋ ಎಂದು ಅರಿಯುತ್ತಿದ್ದ. ಆದರೆ ಬಾರಿಸುವ ಕೈ ಊರಾಚೆಯ ಕೇರಿಯದು. ದೇವರ ಮುಂದೆ ನಡೆದವನು ದೇಗುಲದ ಬಾಗಿಲಲ್ಲಿಯೇ ನಿಲ್ಲಬೇಕಾಗುತ್ತಿತ್ತು. ಅವನ ವಿದ್ಯೆಗೆ ಊರು ಕೊಟ್ಟ ಹೆಸರು ಕಲೆಯೆಂದಲ್ಲ, ಚಾಕರಿಯೆಂದು.

ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ಈ ಹೆಸರು ಬದಲಾಯಿತು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ತಾಲ್ಲೂಕು ಒಮ್ಮೆಲೇ ತಮಟೆಯ ತಾಲ್ಲೂಕೂ ಆಯಿತು. ಆ ಗೌರವ ಒಬ್ಬ ಹಿರಿಯ ಕಲಾವಿದರಿಗೆ ಸಂದದ್ದು ಹೌದು. ಬೀದಿಯಲ್ಲಿ ಮುಂದೆ ನಡೆದೂ ಲೆಕ್ಕಕ್ಕೆ ಸಿಗದಿದ್ದ ಅನೇಕ ತಲೆಮಾರುಗಳಿಗೆ ತಡವಾಗಿ ಸಂದದ್ದೂ ಹೌದು.

ಈ ಮಾತನ್ನು ಜೈನಪುರಾಣಗಳ ಓದುಗರು ಇನ್ನೊಂದು ಬಗೆಯಲ್ಲಿ ನೋಡಬಲ್ಲರು. ತೀರ್ಥಂಕರನ ಎಂಟು ಮಹಾಪ್ರಾತಿಹಾರ್ಯಗಳಲ್ಲಿ ದೇವದುಂದುಭಿಯೂ ಒಂದು. ಅದು ಮೊಳಗಿ ಸಮವಸರಣಕ್ಕೆ ಜಗತ್ತನ್ನು ಕರೆಯುತ್ತದೆ. ಅಲ್ಲಿ ಹನ್ನೆರಡು ಕೋಷ್ಠಗಳು. ಮುನಿಗಳಿಗೊಂದಾದರೆ ಪಶುಪಕ್ಷಿಗಳಿಗೂ ಒಂದು. ಪಶುಪಕ್ಷಿಗಳೂ ಅಲ್ಲಿ ಹೊರಗೆ ನಿಲ್ಲಬೇಕಿಲ್ಲ. 941ರಲ್ಲಿ ಆದಿಪುರಾಣವನ್ನು ಮುಗಿಸಿದ ಪಂಪ ಮನುಷ್ಯರೆಲ್ಲರ ಕುಲ ಒಂದೇ ಎಂಬ ಅರ್ಥದ ಮಾತನ್ನು ಅದೇ ಕಾವ್ಯದಲ್ಲಿ ಆಡಿದ್ದಾನೆ. ವರ್ಣಗಳು ಹುಟ್ಟಿದ ಬಗೆಯನ್ನು ಹೇಳುವುದೂ ಅದೇ ಪುರಾಣವೇ ಎಂಬುದನ್ನು ಮರೆಯಬಾರದು. ಪುರಾಣ ಎರಡನ್ನೂ ಮುಂದಿಟ್ಟಿದೆ. ನಾಡು ಬಹುಕಾಲ ಎರಡನೆಯದನ್ನೇ ಆರಿಸಿಕೊಂಡಿತು. ದುಂದುಭಿಯನ್ನು ಕಾವ್ಯದಲ್ಲಿ ಕೊಂಡಾಡಿದ ಸಮಾಜ ಬೀದಿಯಲ್ಲಿ ಅದನ್ನು ಬಾರಿಸುವವನಿಂದ ದೂರ ಸರಿದು ನಿಂತಿತು.

ಚಿಕ್ಕಬಳ್ಳಾಪುರದಂಥ ಊರುಗಳಲ್ಲಿ ನಾಳೆ ಯಾರಾದರೂ ತಿಂಗಳಿಗೊಂದು ಸಂಜೆ ಕಲಾನಡಿಗೆಯನ್ನು ಏರ್ಪಡಿಸಿದರೆ ಅದು ಸ್ವಾಗತಾರ್ಹವೇ. ಅದಕ್ಕೆ ಹೊರಗಿನ ಮಾದರಿಯನ್ನು ಹುಡುಕಬೇಕಿಲ್ಲ. ಹುಣ್ಣಿಮೆಯಿದೆ, ಬೀದಿಯಿದೆ, ರಂಗೋಲಿಯಿದೆ, ಎರಡು ನುಡಿಯ ಹಾಡಿದೆ. ನೋಡಬೇಕಾದದ್ದು ಇಷ್ಟೇ: ಚಿತ್ರ ಬರೆದವನ ಹೆಸರಿರುವ ಕರಪತ್ರದಲ್ಲಿ ತಮಟೆಯವನ ಹೆಸರೂ ಇದೆಯೇ, ಗಾಯಕನಿಗೆ ಕೊಟ್ಟಂತೆ ಅವನಿಗೂ ಸಂಭಾವನೆ ಸಂದಿದೆಯೇ, ನಡಿಗೆ ಊರೊಳಗಿನ ಬೀದಿಗಳನ್ನಷ್ಟೇ ಸುತ್ತಿ ಬರುತ್ತದೆಯೇ ಅಥವಾ ಅವನ ಕೇರಿಯಿಂದ ಹೊರಡುತ್ತದೆಯೇ. ನಡಿಗೆ ಮುಗಿದು ಎಲ್ಲರೂ ಕುಳಿತಾಗ ಅವನಿಗೂ ಅಲ್ಲೊಂದು ಆಸನವಿದ್ದರೆ ಆ ಸಂಜೆ ಸಾರ್ಥಕ.