ಅಪ್ಪನ ಬಾಕ್ಸ್

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಸತ್ತಿಯಲ್ಲಿ ಟ್ರ್ಯಾಕ್ಟರ್ ಕಣ್ಣಿಗೆ ಬೀಳುವ ಮೊದಲೇ ಅದರ ಬೇಸ್ ಮನೆಯೊಳಗೆ ಬಂದಿರುತ್ತದೆ. ಅಡುಗೆಮನೆಯ ಮಾಡದಲ್ಲಿಟ್ಟ ಸ್ಟೀಲಿನ ತಾಟುಗಳು ಸಣ್ಣಗೆ ನಡುಗುತ್ತವೆ. ಹಾಡು ಯಾವುದೆಂದು ತಿಳಿಯುವುದು ಆಮೇಲೆ. ನಾನು ಸಣ್ಣವನಿದ್ದಾಗ ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, "ನಿಮ್ಮಪ್ಪ ಬಂದ ನೋಡು" ಎನ್ನುತ್ತಿದ್ದಳು. ಅಷ್ಟು ಗಾಡಿಗಳ ನಡುವೆ ಅಪ್ಪನ ಗಾಡಿಯ ಸದ್ದು ಅವಳಿಗೆ ಗೊತ್ತಾಗುತ್ತಿತ್ತು.

ಅಪ್ಪ ಇಪ್ಪತ್ತೆರಡು ವರ್ಷ ಬೇರೆಯವರ ಟ್ರ್ಯಾಕ್ಟರ್ ಹೊಡೆದವನು. ಹಗಲು ಹೊಲದಲ್ಲಿ ಹೇರುವುದು, ರಾತ್ರಿ ಕಾರ್ಖಾನೆಯ ಮುಂದೆ ಪಾಳಿ ಹಚ್ಚಿ ನಿಲ್ಲುವುದು. ನಿದ್ದೆ ಬರಬಾರದೆಂದು ಸೀಟಿನ ಹಿಂದೆಯೇ ಎರಡು ದೊಡ್ಡ ಬಾಕ್ಸ್. ಆ ದುಡಿಮೆಯಲ್ಲೇ ನಾನು ಡಿಗ್ರಿ ಮುಗಿಸಿದೆ, ಧಾರವಾಡಕ್ಕೆ ಹೋದೆ, ಈಗ ಡೊಳ್ಳಿನ ಪದಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಬೆನ್ನು ನೋವೆಂದು ಅಪ್ಪ ಗಾಡಿ ಬಿಟ್ಟು ಎರಡು ವರ್ಷವಾಯಿತು.

ಹೋದ ದೀಪಾವಳಿಗೆ ಅಂಗೈ ಅಗಲದ ಒಂದು ಬ್ಲೂಟೂತ್ ಸ್ಪೀಕರ್ ಒಯ್ದು ಕೊಟ್ಟೆ. ಅಪ್ಪ ಎರಡು ಹಾಡು ಕೇಳಿ ಪಕ್ಕಕ್ಕಿಟ್ಟ.

"ಹಾಡೇನೋ ಐತಿ ತಮ್ಮಾ. ಆದ್ರ ಖಾಲಿ ಐತಿ. ಎದಿಗೆ ಬಡೀಬೇಕು."

ನಾವೆಲ್ಲ ನಕ್ಕೆವು. ಹರೆಯದಲ್ಲಿ ಬೀರಪ್ಪನ ಗುಡಿ ಮುಂದೆ ಡೊಳ್ಳು ಹೊಡೆದ ಮನುಷ್ಯ, ಅವನ ರುಚಿಯೇ ಹಾಗೆ ಎಂದುಕೊಂಡೆವು. ಸಂಕ್ರಾಂತಿಗೆ ಊರಿಗೆ ಬಂದಾಗ ಟಿವಿಯ ಸದ್ದು ಓಣಿಗೆಲ್ಲ ಕೇಳುತ್ತಿತ್ತು. ಆಗ ಕಿವಿ ತೋರಿಸಲು ಕರೆದುಕೊಂಡು ಹೋದೆ. ಡಾಕ್ಟರು ಕೊಟ್ಟ ಗ್ರಾಫಿನಲ್ಲಿ ಗೆರೆ ಎಡಕ್ಕೆ ಚೆನ್ನಾಗಿಯೇ ಇತ್ತು. ಬಲಕ್ಕೆ ಬರುಬರುತ್ತ ಬಾವಿಯ ಮೆಟ್ಟಿಲಿನಂತೆ ಕೆಳಗಿಳಿದಿತ್ತು. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನಲ್ಲಿ ಚಾಲಕನ ಕಿವಿಯ ಹತ್ತಿರ ಸದ್ದು 90 ಡೆಸಿಬಲ್ ದಾಟುವುದು ಸಾಮಾನ್ಯ. ಅದರ ಮೇಲೆ ಹಾಡು ಕೇಳಬೇಕೆಂದರೆ ಇನ್ನೂ ಜೋರು ಬೇಕು. ಇಂಥ ಸದ್ದು ಮೊದಲು ತಿನ್ನುವುದು 4,000 ಹರ್ಟ್ಸ್ ಆಸುಪಾಸಿನ ಕೇಳ್ಮೆಯನ್ನು; ಒಳಗಿವಿಯಲ್ಲಿ ಸತ್ತ ಕೂದಲುಕೋಶಗಳು ಮತ್ತೆ ಹುಟ್ಟುವುದಿಲ್ಲ. ಕೆಳಗಿನ ಸ್ವರಗಳು ಉಳಿಯುತ್ತವೆ. "ನಿಮ್ಮ ಊರ ಹೆಸರನ್ನೇ ತಗೊಳ್ಳಿ" ಎಂದರು ಡಾಕ್ಟರು. "ಸತ್ತಿ ಅಂದರೆ ಇವರಿಗೆ ಅ, ಇ ಕೇಳುತ್ತೆ. ಸಕಾರ, ತಕಾರ ಕೇಳಲ್ಲ."

ಬಸ್ಸಿನಲ್ಲಿ ಬರುವಾಗ ಒಂದು ಮಾತು ಕೊರೆಯತೊಡಗಿತು. ಎರಡು ವರ್ಷದಿಂದ ಫೋನಿನಲ್ಲಿ ನನ್ನ ಸಂಶೋಧನೆಯ ಬಗ್ಗೆ ಏನು ಹೇಳಿದರೂ ಅಪ್ಪ "ಹೂಂ, ಹೂಂ" ಎನ್ನುತ್ತಿದ್ದ. ಆಸಕ್ತಿ ಇಲ್ಲ ಎಂದು ನಾನು ತಿಳಿದಿದ್ದೆ. ಕಿವಿ ಮಷೀನಿನ ಮಾತು ತೆಗೆದರೆ, "ಮುಂದ ನೋಡೂಣಂತ" ಎಂದು ಕಿಟಕಿಯ ಕಡೆ ತಿರುಗಿದ. ಅವನಿಗೆ ಪೂರ್ತಿ ಉಳಿದಿರುವುದು ಬೇಸ್ ಒಂದೇ. ಅದನ್ನಾದರೂ ಸರಿಯಾಗಿ ಕೊಡೋಣ ಎಂದು ಫೆಲೋಶಿಪ್‌ನಲ್ಲಿ ಉಳಿಸಿದ 15,000 ರೂಪಾಯಿ ಹಿಡಿದು ಸ್ಪೀಕರ್ ಹುಡುಕಲು ಹೊರಟೆ.

ಮೊದಲ ಅಂಗಡಿಯಲ್ಲೇ ಒಬ್ಬರು ಮೊಣಕಾಲೆತ್ತರದ ಪ್ಲಾಸ್ಟಿಕ್ ಬಾಕ್ಸ್ ತೋರಿಸಿ, "ಹತ್ತ ಸಾವಿರ ವ್ಯಾಟ್ ಐತ್ರಿ ಸರ" ಎಂದರು. ಹಿಂಬದಿಯ ಚೀಟಿಯಲ್ಲಿ ಪಿ.ಎಂ.ಪಿ.ಓ. ಎಂದಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತೂ ನಿಲ್ಲದ ಶಕ್ತಿಗೆ ಕೊಡುವ ಲೆಕ್ಕ ಅದು. ನೋಡಬೇಕಾದದ್ದು ಆರ್.ಎಂ.ಎಸ್. ವ್ಯಾಟ್. ಅದಕ್ಕಿಂತ ಮುಖ್ಯವಾದದ್ದು ಸೆನ್ಸಿಟಿವಿಟಿ: ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಎಂಬ ಲೆಕ್ಕ. ವ್ಯಾಟ್ ದುಪ್ಪಟ್ಟಾದರೆ ಸದ್ದು ಏರುವುದು ಮೂರೇ ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು ಹತ್ತು ಡೆಸಿಬಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಹೀಗಾಗಿ 90 ಡೆಸಿಬಲ್ ಸೆನ್ಸಿಟಿವಿಟಿಯ ಸ್ಪೀಕರಿಗೆ 25 ವ್ಯಾಟ್ ಕೊಟ್ಟರೂ ಒಂದೇ, 84ರ ಸ್ಪೀಕರಿಗೆ 100 ವ್ಯಾಟ್ ಕೊಟ್ಟರೂ ಒಂದೇ. ಕೈಯಲ್ಲಿ ದುಡ್ಡು ಕಡಿಮೆ ಇದ್ದವರು ಮೊದಲು ನೋಡಬೇಕಾದ ಅಂಕಿ ಇದು.

ಇನ್ನೊಂದು ಸಂಗತಿ ಬಾಕ್ಸಿನ ಗಾತ್ರದ್ದು. ಅಮೆರಿಕದ ಕೆ.ಎಲ್.ಎಚ್. ಕಂಪನಿಯ ಸ್ಥಾಪಕರಲ್ಲೊಬ್ಬನಾದ ಆಂಟನ್ ಹಾಫ್‌ಮನ್ ಹೆಸರಿನಲ್ಲಿ ಒಂದು ಕಬ್ಬಿಣದ ನಿಯಮವಿದೆ. ಚಿಕ್ಕ ಪೆಟ್ಟಿಗೆ, ಆಳದ ಬೇಸ್, ಹೆಚ್ಚಿನ ಸೆನ್ಸಿಟಿವಿಟಿ: ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದು ಸಿಗುವುದಿಲ್ಲ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಪಕ್ಕದ ಮಿರಜ. ಅಲ್ಲಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಸಿಕ್ಕಿತು. ಅಲ್ಲಿನ ಕುಶಲಕರ್ಮಿಗಳು ಗಂಡಸರ ತಗ್ಗು ಶ್ರುತಿಯ ತಂಬೂರಿಗೆ ದೊಡ್ಡ ಬುರುಡೆಯನ್ನೂ ಹೆಂಗಸರ ಏರು ಶ್ರುತಿಗೆ ಚಿಕ್ಕದನ್ನೂ ಆರಿಸುತ್ತಾರೆ. ತಗ್ಗು ಸ್ವರಕ್ಕೆ ಹೊಟ್ಟೆ ಬೇಕು. ಅಂಗೈ ಅಗಲದ ಸ್ಪೀಕರನ್ನು ಅಪ್ಪ "ಖಾಲಿ" ಎಂದದ್ದು ರುಚಿಯ ಮಾತಲ್ಲ, ಭೌತಶಾಸ್ತ್ರದ ಮಾತು.

ಹೊಸದರಲ್ಲಿ ಆ ಗಾತ್ರದ್ದು ನನ್ನ ದುಡ್ಡಿಗೆ ಬರುವಂತಿರಲಿಲ್ಲ. ಹಳೆಯದನ್ನು ಹುಡುಕಿದೆ. ಧಾರವಾಡದಲ್ಲಿ ಮನೆ ಖಾಲಿ ಮಾಡುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರ ಬಳಿ ಹತ್ತು ಇಂಚಿನ ವೂಫರಿನ ಒಂದು ಜೊತೆ ಮರದ ಸ್ಪೀಕರುಗಳಿದ್ದವು, ಜೊತೆಗೊಂದು ಹಳೆಯ ಆಂಪ್ಲಿಫಯರ್. ಹಳೆಯ ಸ್ಪೀಕರ್ ಕೊಳ್ಳುವವರು ಮುಂದಿನ ಜಾಳಿಗೆ ತೆಗೆಸಿ ನೋಡಬೇಕು. ವೂಫರಿನ ಅಂಚು ಫೋಮಿನದಾದರೆ ವರ್ಷಗಳಲ್ಲಿ ಪುಡಿಯಾಗುತ್ತದೆ, ರಬ್ಬರಿನದು ತಾಳುತ್ತದೆ. ಕೋನನ್ನು ಬೆರಳುಗಳಿಂದ ಮೆಲ್ಲಗೆ, ಸಮನಾಗಿ ಒತ್ತಿದಾಗ ಕರಕರ ಸದ್ದು ಬಂದರೆ ಒಳಗಿನ ಸುರುಳಿ ಉಜ್ಜುತ್ತಿದೆ ಎಂದರ್ಥ. ನಮಗೆ ಬಾಯಿಪಾಠವಾದ ಹಾಡನ್ನೇ ಹಾಕಿ ಕೇಳಬೇಕು. ಮೇಷ್ಟ್ರು ಎಲ್ಲ ಸೇರಿ 12,000ಕ್ಕೆ ಒಪ್ಪಿದರು. ವೈರಿಗೆ 600, ಸತ್ತಿಗೆ ಸಾಗಿಸಲು 900 ಹೋಯಿತು.

ಮನೆಗೆ ತಂದ ಮೇಲೆ ಗೋಡೆಗಳ ಲೆಕ್ಕ ಶುರುವಾಯಿತು. 50 ಹರ್ಟ್ಸಿನ ಒಂದು ಅಲೆಯ ಉದ್ದ ಸುಮಾರು ಏಳು ಮೀಟರ್; ನಮ್ಮ ಪಡಸಾಲೆಯೇ ಅಷ್ಟುದ್ದ ಇಲ್ಲ. ಅಲೆ ಗೋಡೆಗೆ ಬಡಿದು ವಾಪಸು ಬಂದು ಒಂದು ಕಡೆ ಕೂಡುತ್ತದೆ, ಇನ್ನೊಂದು ಕಡೆ ಕಳೆಯುತ್ತದೆ. ನಡುಮನೆಯಲ್ಲಿ ಕೂತರೆ ಬೇಸ್ ಮಾಯ, ಮೂಲೆಗೆ ಸರಿದರೆ ದಂಡಿಯಾಗಿ ಇದೆ. ಬಾಕ್ಸುಗಳನ್ನು ಮೂಲೆಗೆ ಸರಿಸಿದೆವು. ಖರ್ಚಿಲ್ಲದೆ ಬೇಸ್ ಏರಿತು. ಮೇಲಿನ ಪತ್ರಾಸು ಗಡಗಡ ಎಂದಿತು. ಬಾಕ್ಸಿನ ಕೆಳಗೆ ಅವ್ವ ಹಳೆಯ ಕಂಬಳಿ ಮಡಚಿ ಹಾಕಿದಳು, ಸ್ವಲ್ಪ ಸುಮ್ಮನಾಯಿತು.

ಅಪ್ಪ ಮುಂದೆ ಬಂದು ಕೂತ. ಹಾಡು ಹಚ್ಚಿದೆ. ಅವನು ತಾನೇ ಎದ್ದು ವಾಲ್ಯೂಮ್ ತಿರುಗಿಸುತ್ತ ಹೋದ. ತಾಟುಗಳು ನಡುಗಿದವು. ಅವನ ಮುಖದಲ್ಲಿ ನಾನು ಎರಡು ವರ್ಷದಿಂದ ನೋಡಿರದ ನಗು. ಅಭ್ಯಾಸಬಲದಿಂದ ಫೋನಿನಲ್ಲಿ ಸದ್ದು ಅಳೆದು ನೋಡಿದೆ: 94 ಆಸುಪಾಸು. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ತಾಸು ತಾಳಬಹುದು, ಅಲ್ಲಿಂದ ಪ್ರತಿ ಮೂರಕ್ಕೆ ಹೊತ್ತು ಅರ್ಧ ಮಾಡುತ್ತ ಹೋಗಬೇಕು ಎಂಬುದು ಸಾಮಾನ್ಯ ಸೂತ್ರ. 94ಕ್ಕೆ ಒಂದೇ ತಾಸು. ಉಳಿದಷ್ಟನ್ನು ಉಳಿಸಿಕೊಳ್ಳಬೇಕಾದ ಕಿವಿ ಅದು. ಅದನ್ನು ಕೆಡಿಸುವ ಯಂತ್ರವನ್ನು ನಾನೇ ಹೊತ್ತು ತಂದಂತಾಗಿತ್ತು. ವಾಲ್ಯೂಮ್ ಇಳಿಸಿದೆ. ಅಪ್ಪನ ನಗುವೂ ಇಳಿಯಿತು.

"ಸದ್ದ ಕಮ್ಮಿ ಮಾಡೂದಿದ್ರ ಇಷ್ಟ ದೊಡ್ಡದು ಯಾಕ ತಂದಿ?"

ಉತ್ತರ ಇರಲಿಲ್ಲ. ಆಂಪ್ಲಿಫಯರ್ ನೋಡುತ್ತ ಕೂತೆ. ಅದರಲ್ಲೊಂದು ಗುಂಡಿಯ ಮೇಲೆ ಲೌಡ್‌ನೆಸ್ ಎಂದು ಬರೆದಿತ್ತು. ಹೆಸರು ಕೇಳಿದರೆ ಸದ್ದು ಏರಿಸುವ ಗುಂಡಿ ಅನ್ನಿಸುತ್ತದೆ. ಅದು ಇರುವುದು ಮೆಲ್ಲಗೆ ಕೇಳುವವರಿಗಾಗಿ. ಸದ್ದು ತಗ್ಗಿದಂತೆಲ್ಲ ನಮ್ಮ ಕಿವಿ ಬೇಸನ್ನು ಬೇಗ ಕಳೆದುಕೊಳ್ಳುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಹಾಗೆ ಕಳೆದದ್ದನ್ನು ಈ ಗುಂಡಿ ತುಂಬಿಕೊಡುತ್ತದೆ. ಒತ್ತಿದೆ. ವಾಲ್ಯೂಮ್ ತಗ್ಗಿನಲ್ಲೇ ಇತ್ತು, ಹಾಡಿಗೆ ಮೈ ಬಂತು. ಅಪ್ಪನ ಕೈ ಹಿಡಿದು ಬಾಕ್ಸಿನ ಮೇಲೆ ಇಟ್ಟೆ. ಅವನು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಕುರ್ಚಿ ಎಳೆದುಕೊಂಡು ಬಂದು ಬಾಕ್ಸಿಗೆ ಬೆನ್ನು ತಾಗಿಸಿ ಕೂತ. "ಹಾಂ, ಇಷ್ಟ ಇರ್ಲಿ" ಎಂದ. ಅವನು ಇಷ್ಟು ದಿನ ಜೋರು ಎಂದು ಕೇಳುತ್ತಿದ್ದದ್ದು ಸದ್ದನ್ನಲ್ಲ, ಭಾರವನ್ನು. ದೊಡ್ಡ ಬಾಕ್ಸ್ ಬೇಕಾದದ್ದು ಊರಿಗೆ ಕೇಳಿಸಲಿಕ್ಕಲ್ಲ, ಮೆಲ್ಲಗೆ ಹಚ್ಚಿದಾಗಲೂ ಖಾಲಿ ಅನ್ನಿಸದಿರಲಿಕ್ಕೆ.

ಆ ರಾತ್ರಿ ನಾನು ಕ್ಷೇತ್ರಕಾರ್ಯದಲ್ಲಿ ಮುದ್ರಿಸಿಕೊಂಡ ಡೊಳ್ಳಿನ ಪದವೊಂದನ್ನು ಹಚ್ಚಿದೆ. ಅದರ ಪ್ರತಿ ಸಾಲನ್ನೂ ಬರೆದುಕೊಂಡಿದ್ದೆ, ಅರ್ಥ ಬಿಡಿಸಿದ್ದೆ, ಒಂದು ಅಧ್ಯಾಯವನ್ನೇ ಕಟ್ಟಿದ್ದೆ. ಅಪ್ಪ ತೊಡೆಯ ಮೇಲೆ ಬೆರಳು ಬಡಿಯುತ್ತ ಕೇಳಿದ. ನಡುವೆ ತಟ್ಟನೆ ಕೈ ಎತ್ತಿದ.

"ಇಲ್ಲಿ ಒಬ್ಬಾಂವ ಪೆಟ್ಟ ತಪ್ಪಿದ. ಬಾಜೂದಾಂವ ಸಾವರಿಸಿಕೊಂಡ, ಕೇಳಿದೇನು?"

ಹಿಂದಕ್ಕೆ ಓಡಿಸಿ ಮೂರು ಸಲ ಕೇಳಿದೆ. ನಿಜವಾಗಿತ್ತು. ನಾನು ವರ್ಷಗಟ್ಟಲೆ ಪದ ಬರೆದಿದ್ದೆ, ಪೆಟ್ಟು ಕೇಳಿರಲಿಲ್ಲ. ವಹಿ ತೆಗೆದು ಬರೆದುಕೊಂಡೆ. ಅಪ್ಪ ವಹಿಯನ್ನೇ ನೋಡುತ್ತಿದ್ದ.

"ಏನಂತ ಹಾಡ್ಯಾರ ತಮ್ಮಾ ಅವ್ರು?"

ಅವನ ಬಲಗಿವಿಯ ಹತ್ತಿರ ಹೋಗಿ ಒಂದೊಂದೇ ಸಾಲು ಬಿಡಿಸಿ ಹೇಳಿದೆ. ಕೆಲವು ತಿಳಿದವು, ಕೆಲವಕ್ಕೆ ಹಳೆಯ ರೂಢಿಯಂತೆ "ಹೂಂ" ಎಂದ. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದ. ಪದ ಮುಗಿಯಿತು. ಬಾಕ್ಸಿನ ಮೇಲಿಟ್ಟ ಕೈ ತೆಗೆಯದೆ ಕೇಳಿದ:

"ಆ ಕಿವಿ ಮಷೀನಿಗೆ ಎಷ್ಟಾಕ್ಕೈತಿ ಅಂದಿದ್ರು ಡಾಕ್ಟರು?"