ವಿಲನ್ ಇಷ್ಟು ಬೇಗ ಸತ್ತರೆ ಹೇಗೆ ಸ್ವಾಮಿ?

ಕೊನೇ ರೀಲಿನಲ್ಲಿ ಹತ್ತು ನಿಮಿಷವಾದರೂ ಢಿಶುಂ ಢಿಶುಂ ಇಲ್ಲದೆ ವಿಲನ್ ಸತ್ತರೆ ಗಾಂಧಿ ಕ್ಲಾಸಿನವರು ಬೆಂಚು ಮುರಿದಾರು! ಆದರೆ ವಿಡಿಯೋ ಗೇಮುಗಳಲ್ಲಿ ಈ ಅನ್ಯಾಯ ನಡೆದುಹೋಗುತ್ತೆ.

೨೦೦೮ರ ‘ಫೇಬಲ್ ೨’ ತಗೊಳ್ಳಿ. ಲೂಸಿಯನ್ ಎಂಬ ಪಾಪಿ ಆರಂಭದಲ್ಲೇ ಹೀರೋನ ಅಕ್ಕನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಅವನ ಮೇಲೆ ಸೇಡು ತೀರಿಸಲೆಂದೇ ನಾನು ನಿದ್ದೆಗೆಟ್ಟು ಆಡಿದೆ. ಕೊನೆಗೂ ಎದುರಿಗೆ ಸಿಕ್ಕ, ಭಾಷಣ ಶುರುಮಾಡಿದ. ಒಂದೇ ಗುಂಡು, ಮಹಾಶಯ ಖಲಾಸ್! ನಾವು ಸುಮ್ಮನೆ ನಿಂತರೂ ಜೊತೆಗಿರುವ ರೀವರ್ ಎಂಬಾತ ಆ ಕೆಲಸ ಮುಗಿಸಿಬಿಡ್ತಾನೆ. ಸೇಡು ತೀರಿತು, ಸಿಟ್ಟು ಹಾಗೇ ಉಳೀತು.

೨೦೦೪ರ ‘ಮೆಟಲ್ ಗೇರ್ ಸಾಲಿಡ್ ೩’ರ ಕಥೆಯೇ ಬೇರೆ. ಅಲ್ಲಿ ‘ದಿ ಎಂಡ್’ ಎಂಬ ನೂರು ದಾಟಿದ ಮುದುಕ ಕಾಡಿನಲ್ಲಿ ಅಡಗಿ ದೂರದಿಂದಲೇ ಗುರಿಯಿಟ್ಟು ಹೊಡೀತಾನೆ. ಕಾಳಗದ ನಡುವೆ ಆಟ ಸೇವ್ ಮಾಡಿ, ಒಂದು ವಾರ ಬಿಟ್ಟು ಬನ್ನಿ. ತಾತ ಮುಪ್ಪಿನಿಂದಲೇ ಸತ್ತಿರ್ತಾನೆ! ಮೊದಲು ನಗು ಬಂತು, ಆಮೇಲೆ ಗಂಟಲು ಕಟ್ಟಿತು.

ಮುದುಕ ಮುದುಕನ ಹಾಗೇ ಸತ್ತ, ಒಪ್ಪಿದೆ. ಆದರೆ ಅಕ್ಕನನ್ನು ಕೊಂದವನ ಜೊತೆ ನನಗೊಂದು ಫೈಟು ಬೇಕಿತ್ತು ಗೆಳೆಯರೇ!